ಒಂದೇ ಬಾಯಿಯಲ್ಲಿ ಎರಡು ಬಗೆಯ ಕ್ಯಾಪ್

ನನ್ನ ಕೆಳದವಡೆಯ ಎಡಗಡೆ ಎರಕ ಹೊಯ್ದು ಮಾಡಿದ ಲೋಹದ ಕ್ಯಾಪ್ ಇದೆ, ಬಲಗಡೆ ಕಂಪ್ಯೂಟರ್ ನಡೆಸುವ ಯಂತ್ರ ಕೊರೆದ ಜಿರ್ಕೋನಿಯಾ ಎಂಬ ಬಿಳಿ ಸಿರಾಮಿಕ್‌ನ ಕ್ಯಾಪ್ ಇದೆ. ಮೊದಲನೆಯದು ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ಹಾಕಿಸಿದ್ದು, ಎರಡನೆಯದು ಕಳೆದ ಮಳೆಗಾಲದ್ದು. ಗೋಣಿಕೊಪ್ಪಲಿನಲ್ಲಿ ನನ್ನದೊಂದು ಲೇತ್ ವರ್ಕ್‌ಶಾಪ್ ಇದೆ. ಕಾಫಿ ಪಲ್ಪರಿನ ಶಾಫ್ಟು, ಪಂಪ್‌ಸೆಟ್ಟಿನ ಬುಶ್ಶು, ಮೆಣಸು ಬಿಡಿಸುವ ಯಂತ್ರದ ಬೇರಿಂಗ್ ಮನೆ, ಇಂಥವನ್ನು ತಿರುಗಿಸಿ ಕೂರಿಸುವುದು ನನ್ನ ಕೆಲಸ. ಒಂದು ಭಾಗ ಇನ್ನೊಂದರೊಳಗೆ ಎಷ್ಟು ಬಿಗಿಯಾಗಿ ಕೂರಬೇಕು, ಎಲ್ಲಿ ಎಷ್ಟು ಸಡಿಲ ಬಿಡಬೇಕು ಎಂಬುದರ ಮೇಲೆಯೇ ನನ್ನ ಸಂಸಾರ ನಡೆದಿದೆ. ಹೀಗಿರುವಾಗ ನನ್ನದೇ ಹಲ್ಲಿನ ಮೇಲೆ ಒಂದು ಭಾಗ ಕೂರಬೇಕಾಗಿ ಬಂದರೆ ಬಾಯಿ ತೆರೆದು ಸುಮ್ಮನೆ ಮಲಗುವುದು ನನ್ನಿಂದಾಗದು.

ವರ್ಕ್‌ಶಾಪಿಗೆ ಬರುವವರು ಒಂದೇ ಮಾತು ಹೇಳುತ್ತಿದ್ದರು: "ಈಗೆಲ್ಲ ಕಂಪ್ಯೂಟರಿನಲ್ಲಿ ಮಾಡುತ್ತಾರೆ, ಅಳತೆ ತಪ್ಪುವ ಮಾತೇ ಇಲ್ಲ." ಎರಡೂ ಬಗೆಯನ್ನು ಹಾಕಿಸಿಕೊಂಡು, ಎರಡೂ ತಯಾರಾಗುವುದನ್ನು ಹತ್ತಿರದಿಂದ ನೋಡಿದ ಮೇಲೆ ಈ ಮಾತನ್ನು ನಾನು ಹಾಗೆಯೇ ಒಪ್ಪಲಾರೆ. ಯಂತ್ರದ ಅಳತೆ ತಪ್ಪುವುದಿಲ್ಲ ಎನ್ನುವುದು ಬಹುಮಟ್ಟಿಗೆ ನಿಜ. ಆದರೆ ಯಂತ್ರಕ್ಕೆ ಕೊಟ್ಟ ಅಳತೆ ಹಲ್ಲಿನದೇ ಹೌದೋ ಅಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಅದು ತೀರ್ಮಾನವಾಗುವುದು ಯಂತ್ರದ ಹತ್ತಿರವಲ್ಲ, ಡಾಕ್ಟರ ಕುರ್ಚಿಯಲ್ಲಿ.

ಹಲ್ಲು ಸೀಳಿದ್ದು ಸುಟ್ಟ ಹಲಸಿನ ಬೀಜ ಕಚ್ಚಿದಾಗ. ಜುಲೈ ತಿಂಗಳು, ಹೊರಗೆ ಬಿಡದ ಮಳೆ, ಒಲೆಯ ಕೆಂಡದಲ್ಲಿ ಬೀಜ ಸುಡುವ ಕಾಲ. ಆ ದವಡೆ ಹಲ್ಲಿಗೆ ಹಳೆಯ ದೊಡ್ಡ ಫಿಲ್ಲಿಂಗ್ ಇತ್ತು. ಅದರ ಪಕ್ಕದ ಗೋಡೆ ಒಡೆದು ಕೈಗೆ ಬಂತು. ಮಳೆಗಾಲದಲ್ಲಿ ತೋಟದ ಕೆಲಸ ನಿಂತಿರುತ್ತದೆ, ವಿದ್ಯುತ್ ಹೋದರೆ ಲೇತೂ ನಿಲ್ಲುತ್ತದೆ. ನಮ್ಮ ಕಡೆ ಎಷ್ಟೋ ಜನ ಹಲ್ಲು, ಕಣ್ಣು, ಮಂಡಿ ನೋವಿಗೆಲ್ಲ ಡಾಕ್ಟರ ಬಳಿ ಹೋಗುವುದು ಈ ದಿನಗಳಲ್ಲೇ. ವಿರಾಜಪೇಟೆಯಲ್ಲಿ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ಹಲ್ಲಿನ ಡಾಕ್ಟರಿಗೆ ನಮ್ಮಲ್ಲಿ ಬರವಿಲ್ಲ. ಆದರೆ ನಾನು ಹೋಗುವ ಕ್ಲಿನಿಕ್ಕಿನ ಕ್ಯಾಪ್‌ಗಳು ತಯಾರಾಗಿ ಬರುವುದು ಮೈಸೂರಿನ ಒಂದು ಲ್ಯಾಬಿನಿಂದ. ನನ್ನ ಹಳೆಯ ಎರಕದ ಕ್ಯಾಪ್ ಬಂದದ್ದೂ ಅಲ್ಲಿಂದಲೇ.

ರೂಟ್ ಕೆನಾಲ್ ಮುಗಿಸಿದ ಮೇಲೆ ಡಾಕ್ಟರು ಹೇಳಿದರು: "ಅಂಕಲ್, ಗೋಡೆ ತೆಳ್ಳಗಾಗಿದೆ, ಕ್ಯಾಪ್ ಹಾಕಲೇಬೇಕು. ಲೋಹದ್ದು ಬೇಕಾ, ಜಿರ್ಕೋನಿಯಾ ಬೇಕಾ?" ಚಿಕ್ಕ ವಯಸ್ಸಿನವರು, ಪ್ರಶ್ನೆ ಕೇಳಿದರೆ ಬೇಸರಪಡದವರು. "ಡಾಕ್ಟರೇ, ಯಾವುದು ಚೆನ್ನಾಗಿ ಕೂರುತ್ತದೆ?" ಎಂದೆ. ಅವರು ತಕ್ಷಣ ಉತ್ತರ ಕೊಡಲಿಲ್ಲ. "ಎಲ್ಲಿ ಕೂರುವುದು? ಅಂಚಿನಲ್ಲೋ, ಒಳಗೋ?" ಎಂದು ನನ್ನನ್ನೇ ಕೇಳಿದರು. ಈ ಒಂದು ಪ್ರಶ್ನೆಯಿಂದ ಅವರ ಮೇಲೆ ನನಗೆ ಭರವಸೆ ಬಂತು.

ಅಂಚು ಮತ್ತು ಒಳಗು ಬೇರೆ ಬೇರೆ ಯಾಕೆಂದರೆ, ಹಲ್ಲನ್ನು ಸುತ್ತಲೂ ಅರೆದು ಸಣ್ಣ ಮಾಡಿ, ಒಸಡಿನ ಹತ್ತಿರ ಒಂದು ಚಿಕ್ಕ ಮೆಟ್ಟಿಲಿನಂತೆ ಅಂಚು ಬಿಡುತ್ತಾರೆ. ಕ್ಯಾಪಿನ ಬಾಯಿ ಬಂದು ಆ ಅಂಚಿನ ಮೇಲೆ ನಿಲ್ಲಬೇಕು. ಒಳಗೆ ಗೋಡೆಗಳ ನಡುವೆ ಸಿಮೆಂಟಿಗೆ ಜಾಗ ಬೇಕು, ಅದನ್ನು ಬೇಕೆಂದೇ ಬಿಡುತ್ತಾರೆ. ಅಂಚಿನಲ್ಲಿ ಮಾತ್ರ ಸಂದು ಆದಷ್ಟೂ ಕಿರಿದಾಗಿರಬೇಕು, ಯಾಕೆಂದರೆ ಅಲ್ಲಿ ಸಿಮೆಂಟು ಎಂಜಲಿಗೆ ನೇರವಾಗಿ ತೆರೆದುಕೊಂಡಿರುತ್ತದೆ. ಸಂದು ದೊಡ್ಡದಾದರೆ ಸಿಮೆಂಟು ಮೆಲ್ಲಗೆ ಕರಗಿ ತೊಳೆದುಹೋಗುತ್ತದೆ, ಆ ಜಾಗದಲ್ಲಿ ಆಹಾರದ ಪದರ ಕೂರುತ್ತದೆ, ಕ್ಯಾಪಿನ ಅಡಿಯಲ್ಲಿ ಹುಳುಕು ಶುರುವಾಗುತ್ತದೆ, ಒಸಡು ಬಾತುಕೊಳ್ಳುತ್ತದೆ. ಹೊರಗಿನಿಂದ ಕ್ಯಾಪ್ ಹೊಳೆಯುತ್ತಲೇ ಇರುತ್ತದೆ. ನನ್ನ ಹೆಂಡತಿಗೆ ಆದದ್ದು ಇದೇ, ಅದನ್ನು ಮುಂದೆ ಹೇಳುತ್ತೇನೆ.

ಎಷ್ಟು ಸಂದು ಇದ್ದರೆ ತಡೆದುಕೊಳ್ಳಬಹುದು ಎಂಬ ಪ್ರಶ್ನೆಗೆ ಹಲ್ಲಿನ ಡಾಕ್ಟರುಗಳೆಲ್ಲ ಹೇಳುವ ಒಂದು ಅಂಕಿ ಇದೆ: 120 ಮೈಕ್ರಾನ್. 1971ರಲ್ಲಿ ಬ್ರಿಟನ್ನಿನ ಮೆಕ್ಲೀನ್ ಮತ್ತು ಫಾನ್ ಫ್ರಾನ್‌ಹೋಫರ್ ಎಂಬವರು ಸಾವಿರಕ್ಕೂ ಹೆಚ್ಚು ಕ್ಯಾಪ್ ಮತ್ತು ಅಂಥ ಇತರ ಜೋಡಣೆಗಳನ್ನು ಐದು ವರ್ಷ ಗಮನಿಸಿ ಈ ಮಿತಿ ಹೇಳಿದರು. ಸಿಮೆಂಟಿನ ಪದರವೇ 25 ಮೈಕ್ರಾನಿಗಿಂತ ದಪ್ಪವಾಗಬಾರದು ಎಂದು ಅದರ ಮಾನದಂಡ ಹೇಳುತ್ತದೆ. ನನ್ನ ವರ್ಕ್‌ಶಾಪಿನಲ್ಲಿ ಸಂದು ಅಳೆಯುವ ಫೀಲರ್ ಗೇಜಿನಲ್ಲಿ ಎಲ್ಲಕ್ಕಿಂತ ತೆಳ್ಳಗಿನ ಎಲೆ 0.05 ಮಿಲಿಮೀಟರ್, ಅಂದರೆ 50 ಮೈಕ್ರಾನ್. ಅಂಥ ಎರಡು ಎಲೆ ಸಲೀಸಾಗಿ ತೂರುವಷ್ಟು ಜಾಗ, ಇನ್ನು ಚೂರು ಹೆಚ್ಚು, ಅದು ಮಿತಿ. ಪಂಪಿನ ಶಾಫ್ಟಿಗೂ ಬುಶ್ಶಿಗೂ ನಡುವೆ ಅಷ್ಟು ಸಡಿಲ ಬಿಟ್ಟು ಕೊಟ್ಟರೆ ತೋಟದವರು ಅದನ್ನು ವಾಪಸ್ ತರುತ್ತಾರೆ. ಬಾಯಿಯಲ್ಲಿ ಅದೇ ಸಂದು ಒಪ್ಪಿಗೆಯ ಅಂಚಿನಲ್ಲಿದೆ ಎಂದು ತಿಳಿದಾಗ ನನಗೆ ಆಶ್ಚರ್ಯವೇ ಆಯಿತು.

ಕೊನೆಗೆ ಜಿರ್ಕೋನಿಯಾ ಎಂದು ತೀರ್ಮಾನಿಸಿದೆವು. ನಿಕ್ಕಲ್ ಇರುವ ಲೋಹ ಎಲ್ಲರ ಮೈಗೂ ಒಗ್ಗುವುದಿಲ್ಲ. ನನಗೆ ಆ ತೊಂದರೆ ಇಲ್ಲವಾದರೂ ಹೊಸ ಬಗೆಯನ್ನು ನೋಡಬೇಕೆಂಬ ಆಸೆಯೂ ಇತ್ತು. ಹಲ್ಲು ಅರೆದಾದ ಮೇಲೆ ಡಾಕ್ಟರು ಪೆನ್ನಿಗಿಂತ ದಪ್ಪದ ಸ್ಕ್ಯಾನರನ್ನು ಬಾಯೊಳಗೆ ಆಡಿಸಿದರು. ಪರದೆಯ ಮೇಲೆ ನನ್ನ ಹಲ್ಲು ಚೂರುಚೂರಾಗಿ ಮೂಡುತ್ತಾ ಬಂತು. ಆ ಯಂತ್ರ ಸಾಲುಸಾಲು ಚಿತ್ರ ತೆಗೆದು ಒಂದಕ್ಕೊಂದು ಹೊಲಿಯುತ್ತದೆ. ಒಂದೆರಡು ಹಲ್ಲಿನ ಮಟ್ಟಿಗೆ ಈ ಹೊಲಿಗೆ ಬಹಳ ನಿಖರ. ಪೂರ್ತಿ ದವಡೆಯನ್ನು ತೆಗೆದರೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಸಣ್ಣ ಸಣ್ಣ ತಪ್ಪು ಸೇರಿ ದೊಡ್ಡದಾಗಬಹುದು. ನನ್ನದು ಒಂದೇ ಹಲ್ಲು, ಆ ಚಿಂತೆ ಇರಲಿಲ್ಲ.

ಹಳೆಯ ಕ್ಯಾಪಿಗೆ ಅಳತೆ ತೆಗೆದದ್ದು ಬೇರೆ ರೀತಿ. ತಟ್ಟೆಯಲ್ಲಿ ಸಿಲಿಕೋನ್ ರಬ್ಬರ್ ತುಂಬಿ ದವಡೆಗೆ ಒತ್ತಿ ಹಿಡಿದಿದ್ದರು, ಅದು ಗಟ್ಟಿಯಾಗುವವರೆಗೆ ಗಂಟಲಿಗೆ ಇಳಿದಂತಾಗಿ ಕಣ್ಣಲ್ಲಿ ನೀರು ಬಂದಿತ್ತು. ಆ ಅಚ್ಚನ್ನು ಡಬ್ಬಿಯಲ್ಲಿ ಹಾಕಿ ಮೈಸೂರಿನ ಬಸ್ಸಿಗೆ ಕೊಟ್ಟಿದ್ದರು. ಈ ಸಲ ಕಳಿಸಬೇಕಾದದ್ದು ಒಂದು ಫೈಲ್ ಮಾತ್ರ. ಆದರೆ ಕೊಡಗಿನ ಮಳೆ ಅದಕ್ಕೂ ಅಡ್ಡ ಬಂತು: ಗಾಳಿಗೆ ಮರ ಬಿದ್ದು ಕರೆಂಟು ಹೋಗಿ, ನೆಟ್‌ವರ್ಕ್ ಇಲ್ಲದೆ ಫೈಲ್ ಕ್ಲಿನಿಕ್ಕಿನಲ್ಲೇ ಕೂತಿತ್ತು. ಒಂದು ಸಮಾಧಾನವೆಂದರೆ ಫೈಲ್ ಎಷ್ಟು ಕಾಯ್ದರೂ ಕುಗ್ಗುವುದಿಲ್ಲ, ಬಸ್ಸಿನ ಬಿಸಿಗೆ ಸೊಟ್ಟಗಾಗುವುದಿಲ್ಲ. ರೈಲು ಇಲ್ಲದ, ಮಳೆಗಾಲದಲ್ಲಿ ರಸ್ತೆಯನ್ನೂ ನಂಬಲಾಗದ ನಮ್ಮ ಜಿಲ್ಲೆಗೆ ಇದು ಸಣ್ಣ ಲಾಭವಲ್ಲ.

ಕ್ಯಾಪ್ ಬಂತು. ಬಣ್ಣ ಪಕ್ಕದ ಹಲ್ಲಿಗೆ ಹೊಂದಿತ್ತು, ಕೈಯಲ್ಲಿ ಹಿಡಿದರೆ ನುಣ್ಣಗೆ, ಚೆಂದ. ಡಾಕ್ಟರು ಅದನ್ನು ಹಲ್ಲಿನ ಮೇಲಿಟ್ಟು ಬೆರಳಿನಿಂದ ಒತ್ತಿದರು. ಚೂಪು ಮೊನೆಯ ಪ್ರೋಬ್ ಹಿಡಿದು ಅಂಚಿನ ಸುತ್ತ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಎಳೆದರು. ಕೆನ್ನೆಯ ಕಡೆ ಮೊನೆ ಜಾರಿಹೋಯಿತು. ನಾಲಿಗೆಯ ಕಡೆ ಹಿಂದಿನ ಮೂಲೆಗೆ ಬಂದಾಗ ಟಕ್ ಎಂದು ಸಿಕ್ಕಿಕೊಂಡಿತು. ಆ ಸದ್ದು ನನಗೂ ಕೇಳಿತು. ಅವರು ಇನ್ನೊಮ್ಮೆ ಎಳೆದರು, ಮತ್ತೆ ಟಕ್.

ಆಮೇಲೆ ಅವರು ಮಾಡಿದ್ದು ನನಗೆ ಬಹಳ ಹಿಡಿಸಿತು. ತೆಳ್ಳಗಿನ ಬಿಳಿ ಸಿಲಿಕೋನನ್ನು ಕ್ಯಾಪಿನೊಳಗೆ ಹಾಕಿ ಹಲ್ಲಿನ ಮೇಲೆ ಒತ್ತಿ, ಗಟ್ಟಿಯಾದ ಮೇಲೆ ಕ್ಯಾಪನ್ನು ಬಿಡಿಸಿದರು. ಸಿಮೆಂಟು ಇರಬೇಕಾದ ಜಾಗವೆಲ್ಲ ಈಗ ಬಿಳಿ ಪೊರೆಯಾಗಿ ಕ್ಯಾಪಿನೊಳಗೆ ಅಂಟಿಕೊಂಡಿತ್ತು. ದೀಪಕ್ಕೆ ಹಿಡಿದು ನನಗೂ ತೋರಿಸಿದರು. ಮೇಲಿನ ಒಂದು ಮೂಲೆಯಲ್ಲಿ ಪೊರೆ ಹರಿದು ಒಳಗಿನ ಜಿರ್ಕೋನಿಯಾ ಸಾಸಿವೆ ಗಾತ್ರದಲ್ಲಿ ಕಾಣುತ್ತಿತ್ತು: ಅಲ್ಲಿ ಹಲ್ಲು ನೇರವಾಗಿ ತಾಗುತ್ತಿದೆ. ನಾಲಿಗೆಯ ಕಡೆ ಅಂಚಿನಲ್ಲಿ ಪೊರೆ ದಪ್ಪವಾಗಿ, ಬೆಳಕು ದಾಟದಷ್ಟು ಬೆಳ್ಳಗಿತ್ತು: ಅಲ್ಲಿ ಅಂಚು ತೆರೆದಿದೆ. ಕೆನ್ನೆಯ ಕಡೆ ಉದ್ದಕ್ಕೂ ತೆಳು, ಒಂದೇ ಸಮ. ಒಂದು ಹಿಡಿ ಅಂಕಿಗಳಿಗಿಂತ ಆ ಪೊರೆ ಹೆಚ್ಚು ಹೇಳಿತು. ಮೆಕ್ಲೀನ್ ಅವರೂ ಬಾಯಿಯೊಳಗೇ ಸಿಮೆಂಟಿನ ಬದಲು ರಬ್ಬರಿನ ಪೊರೆ ಕೂರಿಸಿ ಅದರ ದಪ್ಪ ಅಳೆದಿದ್ದರಂತೆ. ಅಷ್ಟು ಹಳೆಯ ವಿಧಾನ ಗೋಣಿಕೊಪ್ಪಲಿನ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

"ಒಳಗೆ ತಾಗುವ ಕಡೆ ಚೂರು ಅರೆದರೆ ಇಳಿಯುವುದಿಲ್ಲವೇ?" ಎಂದೆ. ನಮ್ಮ ಕೆಲಸದಲ್ಲಿ ನಾವು ಹಾಗೆಯೇ ಮಾಡುವುದು: ನೀಲಿ ಬಣ್ಣ ಹಚ್ಚಿ, ತಾಗಿದಲ್ಲಿ ಕೆರೆದು, ಮತ್ತೆ ಕೂರಿಸಿ ನೋಡುವುದು. "ಇಳಿಯಬಹುದು ಅಂಕಲ್. ಆದರೆ ಜಿರ್ಕೋನಿಯಾವನ್ನು ಒಳಗಿನಿಂದ ಹೆಚ್ಚು ಅರೆದರೆ ಕಣ್ಣಿಗೆ ಕಾಣದ ಬಿರುಕು ಬೀಳಬಹುದು. ಅದಕ್ಕಿಂತ ಹೆಚ್ಚಾಗಿ, ನಾಲಿಗೆಯ ಕಡೆ ನನ್ನ ಸ್ಕ್ಯಾನೇ ಸ್ಪಷ್ಟವಿಲ್ಲ" ಎಂದು ಪರದೆ ತೆರೆದರು. ಅಂಚಿನ ಗೆರೆ ಕೆನ್ನೆಯ ಕಡೆ ಚಾಕುವಿನಿಂದ ಕೊಯ್ದಂತೆ ಇತ್ತು. ನಾಲಿಗೆಯ ಕಡೆ ಒಸಡು ಅದರ ಮೇಲೆ ಬಾಗಿ, ತೇವ ಸೇರಿ, ಗೆರೆ ಕರಗಿಹೋಗಿತ್ತು. ಸ್ಕ್ಯಾನರ್ ಎಂದರೆ ಬೆಳಕು ಮತ್ತು ಕ್ಯಾಮೆರಾ. ಬೆಳಕು ಬೀಳದ ಕಡೆ ಅದಕ್ಕೆ ಹಲ್ಲೇ ಇಲ್ಲ. ಕಾಣದ ಜಾಗವನ್ನು ತಂತ್ರಾಂಶ ಅಕ್ಕಪಕ್ಕದ ಆಕಾರ ನೋಡಿ ತುಂಬಿಸಿತ್ತು. ಮೈಸೂರಿನ ಯಂತ್ರ ಆ ತುಂಬಿಸಿದ ಗೆರೆಯನ್ನು ಕೆಲವೇ ಮೈಕ್ರಾನ್ ವ್ಯತ್ಯಾಸದಲ್ಲಿ ನಿಷ್ಠೆಯಿಂದ ಕೊರೆದಿತ್ತು. ಇಲ್ಲದ ಅಂಚಿಗೆ ನಿಖರವಾಗಿ ಹೊಂದುವ ಕ್ಯಾಪ್ ನನ್ನ ಬಾಯಿಗೆ ಬಂದಿತ್ತು.

ಎಷ್ಟೋ ಕಡೆ ಇಂಥ ಕ್ಯಾಪನ್ನು ಸಿಮೆಂಟು ತುಂಬಿ ಕೂರಿಸಿಬಿಡುತ್ತಾರೆ. ಸಿಮೆಂಟು ಸಂದನ್ನು ಮುಚ್ಚುತ್ತದೆ, ರೋಗಿಗೆ ಏನೂ ಗೊತ್ತಾಗುವುದಿಲ್ಲ, ಕೆಲವು ವರ್ಷ ನೋವೂ ಬರುವುದಿಲ್ಲ. ಇವರು ಕ್ಯಾಪನ್ನು ಪಕ್ಕಕ್ಕಿಟ್ಟು, ತಾತ್ಕಾಲಿಕ ಕ್ಯಾಪನ್ನು ಮತ್ತೆ ಹಾಕಿ, ಒಸಡು ತಣಿಯಲೆಂದು ನನ್ನನ್ನು ಮನೆಗೆ ಕಳಿಸಿದರು. ಮುಂದಿನ ಸಲ ಹೋದಾಗ ಒಸಡಿಗೂ ಹಲ್ಲಿಗೂ ನಡುವೆ ಔಷಧಿಯಲ್ಲಿ ನೆನೆಸಿದ ತೆಳ್ಳಗಿನ ದಾರವನ್ನು ಸುತ್ತಲೂ ತೂರಿಸಿದರು. ಸ್ವಲ್ಪ ಹೊತ್ತಿಗೆ ಒಸಡು ಹಿಂದೆ ಸರಿದು ರಕ್ತ ನಿಂತು ಅಂಚು ಮೇಲೆದ್ದು ಕಂಡಿತು. ಮೇಲಿನ ಚೂಪು ಮೂಲೆಯನ್ನು ನುಣುಪಾದ ಬರ್ರಿನಿಂದ, ಅಂದರೆ ತಿರುಗುತ್ತಾ ಅರೆಯುವ ಸಣ್ಣ ಮೊನೆಯಿಂದ, ದುಂಡಗೆ ಮಾಡಿ, ಗಾಳಿಯಿಂದ ಒಣಗಿಸಿ, ಮತ್ತೆ ಸ್ಕ್ಯಾನ್ ಮಾಡಿದರು. ಈ ಸಲ ಗೆರೆ ಸುತ್ತಲೂ ಕತ್ತರಿಸಿಟ್ಟಂತೆ ಬಂತು.

ಬೇರಿಂಗ್ ತರಲು ನಾನು ಮೈಸೂರಿಗೆ ಹೋಗುವುದು ಇದ್ದೇ ಇತ್ತು. ಡಾಕ್ಟರು ಫೋನ್ ಮಾಡಿ ಹೇಳಿದ್ದರಿಂದ ಲ್ಯಾಬಿನವರು ಒಳಗೆ ಬಿಟ್ಟರು. ಹಳೆಯ ಕ್ಯಾಪ್ ಮಾಡಿದ ಟೆಕ್ನಿಷಿಯನ್ ಈಗಲೂ ಅಲ್ಲಿದ್ದಾರೆ, ತಲೆ ಬೆಳ್ಳಗಾಗಿದೆ. ಒಂದು ಕೋಣೆಯಲ್ಲಿ ಅವರ ಮೇಣದ ಮೇಜು ಮತ್ತು ಎರಕದ ಯಂತ್ರ, ಗಾಜಿನ ಗೋಡೆಯ ಆಚೆ ಕೊರೆಯುವ ಯಂತ್ರ. ಇವೆರಡರ ನಡುವೆ ನಾನು ಮಧ್ಯಾಹ್ನವೆಲ್ಲ ಕಳೆದೆ.

ಎರಕದ ಕಥೆ ನನಗೆ ಅರ್ಧ ಗೊತ್ತಿದ್ದದ್ದೇ. ಮೇಣದಲ್ಲಿ ಆಕಾರ ಮಾಡಿ, ಸುತ್ತ ಮಣ್ಣಿನಂಥದ್ದನ್ನು ತುಂಬಿ, ಮೇಣ ಸುಟ್ಟು ಹೊರಹಾಕಿ, ಆ ಪೊಳ್ಳಿಗೆ ಲೋಹ ಹೊಯ್ಯುವುದು ಶಿಲ್ಪಿಗಳು ವಿಗ್ರಹಕ್ಕೆ ಶತಮಾನಗಳಿಂದ ಮಾಡಿಕೊಂಡು ಬಂದ ಕೆಲಸ. ಹಲ್ಲಿನ ಕೆಲಸಕ್ಕೆ ಅದನ್ನು ಅಮೆರಿಕದ ವಿಲಿಯಂ ಟ್ಯಾಗರ್ಟ್ 1907ರಲ್ಲಿ ತಂದು ತೋರಿಸಿದರು. ಕಷ್ಟ ಇರುವುದು ಲೋಹ ಆರುವಾಗ. ನಿಕ್ಕಲ್–ಕ್ರೋಮಿಯಂ ಲೋಹ ಆರುತ್ತಾ ಶೇಕಡಾ ಎರಡರಷ್ಟು ಕುಗ್ಗುತ್ತದೆ. ಹತ್ತು ಮಿಲಿಮೀಟರ್ ಅಗಲದ ದವಡೆ ಹಲ್ಲಿಗೆ ಲೆಕ್ಕ ಹಾಕಿದರೆ 200 ಮೈಕ್ರಾನ್, ಮಿತಿಯನ್ನೇ ಮೀರಿದ ಅಂಕಿ. ಇದನ್ನು ಸರಿದೂಗಿಸುವುದು ಸುತ್ತ ತುಂಬುವ ಮಿಶ್ರಣ: ಅದು ಗಟ್ಟಿಯಾಗುವಾಗ ಒಂದಿಷ್ಟು ಹಿಗ್ಗುತ್ತದೆ, ಕುಲುಮೆಯಲ್ಲಿ ಕಾದಾಗ ಇನ್ನೊಂದಿಷ್ಟು. ಪುಡಿಗೆ ಕಲಸುವ ವಿಶೇಷ ದ್ರವವನ್ನು ಎಷ್ಟು ಗಟ್ಟಿ ಇಡಬೇಕು, ಎಷ್ಟು ನೀರು ಸೇರಿಸಬೇಕು ಎಂಬುದರ ಮೇಲೆ ಆ ಹಿಗ್ಗು ನಿಂತಿದೆ. "ಚಳಿಗಾಲಕ್ಕೆ ಒಂದು ಲೆಕ್ಕ, ಬೇಸಿಗೆಗೆ ಒಂದು ಲೆಕ್ಕ. ಪುಸ್ತಕದಲ್ಲಿ ಒಂದೇ ಇದೆ" ಎಂದರು ಅವರು. ಈ ಮಾತಿನಲ್ಲಿ ನನಗೆ ಎರಕದ ಶಕ್ತಿಯೂ ಕಂಡಿತು, ಅದರ ಭಯವೂ ಕಂಡಿತು. ಅವರ ಕೈಯಲ್ಲಿ ಕುಗ್ಗು ಹಿಗ್ಗು ಎರಡೂ ಸರಿಹೋಗುತ್ತವೆ. ನೀರು ಅಳೆಯುವ ತಾಳ್ಮೆಯಿಲ್ಲದ ಇನ್ನೊಬ್ಬರ ಕೈಯಲ್ಲಿ ಹೋಗಲಾರವು.

ಅವರ ಮೇಜಿನ ಮೇಲೆ ಒಂದು ಮೇಣದ ಕ್ಯಾಪ್ ಅರ್ಧ ಆಗಿತ್ತು. ಕನ್ನಡಕದ ಮೇಲೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಿಸಿ ಮಾಡಿದ ಸಣ್ಣ ಕರಣೆಯಿಂದ ಅಂಚಿನ ಮೇಣವನ್ನು ಕರಗಿಸಿ, ಒತ್ತಿ, ಹೆಚ್ಚಾದದ್ದನ್ನು ಕೆತ್ತಿ ತೆಗೆಯುತ್ತಿದ್ದರು. ಅಚ್ಚಿನಿಂದ ತೆಗೆದ ಹಲ್ಲಿನ ಪ್ರತಿಯ ಮೇಲೆ ಈ ಕೆಲಸ; ಕರಗಿದ ಮೇಣ ಆ ಪ್ರತಿಯ ಅತಿ ಚೂಪು ಮೂಲೆಗೂ ಇಳಿಯುತ್ತದೆ. ಸಿಮೆಂಟಿನ ಜಾಗಕ್ಕಾಗಿ ಆ ಪ್ರತಿಗೆ ಮೊದಲೇ ಬಣ್ಣದಂಥ ಪದರ ಬಳಿದಿರುತ್ತಾರೆ, ಅಂಚಿಗೆ ಅರ್ಧ ಮಿಲಿಮೀಟರ್ ಇರುವಾಗಲೇ ನಿಲ್ಲಿಸಿರುತ್ತಾರೆ. ಹೀಗಾಗಿ ಕ್ಯಾಪ್ ಒಳಗೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಸಡಿಲ ಇಟ್ಟುಕೊಂಡು ಅಂಚಿನಲ್ಲಿ ಬಿಗಿಯಾಗುತ್ತದೆ.

ಗಾಜಿನ ಆಚೆಗಿನ ಯಂತ್ರ ನನ್ನ ಲೇತಿನ ದೂರದ ಸಂಬಂಧಿ. ಹಲ್ಲಿಗೆ ಇಂಥ ಯಂತ್ರ ಬಳಸುವ ಯೋಚನೆಯನ್ನು ಫ್ರಾನ್ಸಿನ ಫ್ರಾಂಸ್ವಾ ದ್ಯುರೆ 1970ರ ದಶಕದಲ್ಲೇ ಮುಂದಿಟ್ಟರು. 1985ರಲ್ಲಿ ಜ್ಯೂರಿಕ್‌ನ ಮೋರ್ಮನ್ ಮತ್ತು ಬ್ರಾಂಡೆಸ್ಟೀನಿ ರೋಗಿಯನ್ನು ಕುರ್ಚಿಯಲ್ಲಿ ಕೂರಿಸಿಕೊಂಡೇ ಸಿರಾಮಿಕ್ ತುಂಡನ್ನು ಕೊರೆದು ಹಲ್ಲಿಗೆ ಕೂರಿಸಿದರು. ಇಲ್ಲಿಯ ಯಂತ್ರದಲ್ಲಿ ಸುಮಾರು 98 ಮಿಲಿಮೀಟರ್ ಅಗಲದ ಬಿಳಿ ಬಿಲ್ಲೆ ಸಿಕ್ಕಿಸಿದ್ದರು. ಜಿರ್ಕೋನಿಯಾ ಪೂರ್ತಿ ಸುಟ್ಟ ಮೇಲೆ ಕೊರೆಯಲು ಬಹಳ ಗಟ್ಟಿ. ಆದ್ದರಿಂದ ಅರ್ಧ ಸುಟ್ಟ, ಸೀಮೆಸುಣ್ಣದಷ್ಟು ಮೆತ್ತಗಿರುವಾಗಲೇ ಕೊರೆದು, ಆಮೇಲೆ 1500 ಡಿಗ್ರಿಯ ಆಸುಪಾಸಿನಲ್ಲಿ ಸುಡುತ್ತಾರೆ. ಸುಟ್ಟಾಗ ಅದು ಶೇಕಡಾ ಇಪ್ಪತ್ತರಷ್ಟು ಕುಗ್ಗುತ್ತದೆ! ಲೋಹದ ಎರಡು ಎಲ್ಲಿ, ಈ ಇಪ್ಪತ್ತು ಎಲ್ಲಿ. ಆದರೂ ಭಯವಿಲ್ಲ, ಯಾಕೆಂದರೆ ಪ್ರತಿಯೊಂದು ಬಿಲ್ಲೆಯ ಮೇಲೂ ಅದು ಎಷ್ಟು ಕುಗ್ಗುತ್ತದೆಂದು ಕಾರ್ಖಾನೆಯವರೇ ದಶಾಂಶಗಳ ತನಕ ಅಂಕಿ ಮುದ್ರಿಸಿರುತ್ತಾರೆ. ಆ ಅಂಕಿಯನ್ನು ತಂತ್ರಾಂಶಕ್ಕೆ ಕೊಟ್ಟರೆ ಅಷ್ಟೇ ಹಿಗ್ಗಿಸಿ ಕೊರೆಯುತ್ತದೆ. ಕೊರೆದಿಟ್ಟ ಕ್ಯಾಪನ್ನು ಕೈಗೆ ಕೊಟ್ಟರು: ನನ್ನ ಹಲ್ಲಿಗಿಂತ ಎಷ್ಟೋ ದೊಡ್ಡದು, ಬೆರಳಿಗೆ ಬಿಳಿ ಪುಡಿ ಹತ್ತಿತು.

ನಾನು ಕೇಳಬೇಕೆಂದುಕೊಂಡು ಹೋಗಿದ್ದು ಆ ಹರಿದ ಪೊರೆಯ ಮೂಲೆಯ ವಿಷಯ. ಯಂತ್ರ ನೋಡಿಕೊಳ್ಳುವ ಹುಡುಗ ಪರದೆಯಲ್ಲಿ ನನ್ನ ಹಲ್ಲಿನ ಹಳೆಯ ಫೈಲ್ ತೆರೆದು ತೋರಿಸಿದ. ಹಲ್ಲಿನ ಹೊರಗಿನ ಚೂಪು ಏಣು ಕ್ಯಾಪಿನ ಒಳಗೆ ಚೂಪು ಮೂಲೆಯಾಗುತ್ತದೆ. ತಿರುಗುವ ಬರ್ರು ದುಂಡಗಿನದು. ತನ್ನ ತ್ರಿಜ್ಯಕ್ಕಿಂತ ಕಿರಿದಾದ ಮೂಲೆಯೊಳಗೆ ಅದು ಹೋಗುವುದೇ ಇಲ್ಲ. ಯಾವ ಲೇತಿನವನನ್ನು ಕೇಳಿದರೂ ಇದನ್ನು ಹೇಳುತ್ತಾನೆ. ಅವರಲ್ಲಿರುವ ಅತಿ ಸಣ್ಣ ಬರ್ರು 0.6 ಮಿಲಿಮೀಟರ್. ಹಿಗ್ಗಿಸಿ ಕೊರೆದು ಕುಗ್ಗಿಸುವುದರಿಂದ ಅದು ಲೆಕ್ಕಕ್ಕೆ ಅರ್ಧ ಮಿಲಿಮೀಟರ್ ಬರ್ರಿನಷ್ಟು ಕೆಲಸ ಮಾಡುತ್ತದೆ, ಇದು ಜಿರ್ಕೋನಿಯಾಕ್ಕೆ ಸಿಗುವ ಸಣ್ಣ ಅನುಕೂಲ. ಆದರೂ ಮೂಲೆ ಮೂಲೆಯೇ. ಅಲ್ಲಿ ತಂತ್ರಾಂಶಕ್ಕೆ ಎರಡೇ ದಾರಿ. ಒಂದೋ ಬರ್ರು ಹೋಗುವಷ್ಟು ಜಾಗವನ್ನು ಹೆಚ್ಚಾಗಿ ತೋಡುವುದು, ಆಗ ಒಳಗೆ ಪೊಳ್ಳು ಬೆಳೆಯುತ್ತದೆ. ಇಲ್ಲವೇ ಹಾಗೆಯೇ ಬಿಡುವುದು, ಆಗ ಹಲ್ಲು ಅಲ್ಲಿ ತಾಗಿ ಕ್ಯಾಪ್ ಕೆಳಗಿಳಿಯದೆ ಅಂಚು ತೆರೆದುಕೊಳ್ಳುತ್ತದೆ. ನನ್ನ ಮೊದಲ ಕ್ಯಾಪಿಗೆ ಆದದ್ದು ಎರಡನೆಯದು. ಡಾಕ್ಟರು ಏಣನ್ನು ದುಂಡಗೆ ಮಾಡಿದ್ದು ಇದಕ್ಕೇ. ಯಂತ್ರಕ್ಕೆ ಹಲ್ಲನ್ನು ಅರೆಯುವ ರೀತಿಯೇ ಬೇರೆ. ಮೇಣಕ್ಕೆ ಅರೆದಂತೆ ಅರೆದು ಯಂತ್ರಕ್ಕೆ ಕಳಿಸಿದರೆ ಯಂತ್ರವನ್ನು ದೂರಿ ಪ್ರಯೋಜನವಿಲ್ಲ.

ಹೊಸ ಕ್ಯಾಪ್ ಬಂದಾಗ ಡಾಕ್ಟರು ಪ್ರೋಬ್ ಹಿಡಿದು ಸುತ್ತ ಎಳೆದರು. ಎಲ್ಲಿಯೂ ಟಕ್ ಎನ್ನಲಿಲ್ಲ. ಮತ್ತೆ ಬಿಳಿ ಸಿಲಿಕೋನ್: ಗೋಡೆಗಳ ಮೇಲೆ ಪೊರೆ ತೆಳು, ಅಂಚಿಗೆ ಬರುತ್ತಾ ಕಾಣೆಯಾಗುವಷ್ಟು ತೆಳು, ಮೇಲಿನ ಚಪ್ಪಟೆ ಭಾಗದಲ್ಲಿ ಸ್ವಲ್ಪ ದಪ್ಪ. "ಅಲ್ಲಿ ದಪ್ಪ ಇರುವುದು ಯಂತ್ರದ ಕ್ಯಾಪಿನ ಸ್ವಭಾವ" ಎಂದರು. ಪಕ್ಕದ ಹಲ್ಲಿನ ನಡುವೆ ಸಂದಿ ಶುಚಿ ಮಾಡುವ ದಾರ ಬಿಗಿಯಾಗಿ ಸದ್ದು ಮಾಡಿ ಇಳಿಯಿತು. ಕೆಂಪು ಕಾಗದ ಕಚ್ಚಿಸಿ ಎತ್ತರವಾದ ಒಂದು ಚುಕ್ಕೆಯನ್ನು ಅರೆದು ಹೊಳಪು ಕೊಟ್ಟರು. ಎಕ್ಸ್‌ರೇ ತೆಗೆದು ಪಕ್ಕದ ಅಂಚುಗಳನ್ನು ನೋಡಿ, ಆಮೇಲೆ ಮಾತ್ರ ಸಿಮೆಂಟು ಹಾಕಿದರು.

ಅದೇ ಹೊತ್ತಿಗೆ ಎಡಗಡೆಯದೂ ಒಂದು ಎಕ್ಸ್‌ರೇ ತೆಗೆಯಿರಿ ಎಂದು ಕೇಳಿಕೊಂಡೆ. ಎರಡನ್ನೂ ಪರದೆಯಲ್ಲಿ ಅಕ್ಕಪಕ್ಕ ಇಟ್ಟರು. ಹಳೆಯ ಎರಕದ ಕ್ಯಾಪಿನ ಅಂಚು ಹಲ್ಲಿನೊಳಗೆ ಬೆಸೆದುಕೊಂಡಂತೆ ಇಳಿದಿತ್ತು, ಅಡಿಯಲ್ಲಿ ಹುಳುಕಿನ ನೆರಳೂ ಇಲ್ಲ. ಹೊಸದರ ಅಂಚೂ ಚೆನ್ನಾಗಿತ್ತು, ಆದರೆ ಹಳೆಯದು ಒಂದು ಕೈ ಮೇಲು ಎಂದು ಡಾಕ್ಟರೇ ಹೇಳಿದರು. ಎಕ್ಸ್‌ರೇಯಲ್ಲಿ ಅಕ್ಕಪಕ್ಕದ ಅಂಚು ಮಾತ್ರ ಕಾಣುತ್ತದೆ, ಕೆನ್ನೆ ಮತ್ತು ನಾಲಿಗೆಯ ಕಡೆ ಕಾಣುವುದಿಲ್ಲ. ಅದಕ್ಕೆ ಪ್ರೋಬನ್ನೇ ನಂಬಬೇಕು. ಪ್ರೋಬೂ ಅದನ್ನೇ ಹೇಳಿತು.

ಹಾಗಾದರೆ ಎರಕವೇ ಮೇಲೇ? ಇಲ್ಲಿ ನನ್ನ ಹೆಂಡತಿಯ ಕಥೆ ಬರುತ್ತದೆ. ಅವಳ ಮೇಲಿನ ದವಡೆಯಲ್ಲೂ ಎರಕದ ಕ್ಯಾಪ್ ಇತ್ತು. ಬೇರೆ ಊರಿನಲ್ಲಿದ್ದಾಗ ಬೇರೆ ಕಡೆ ಮಾಡಿಸಿದ್ದು. ಅಂಚು ಮೊದಲ ದಿನದಿಂದಲೇ ತೆರೆದಿದ್ದಿರಬೇಕು. ಅಲ್ಲಿ ಒಸಡು ಸದಾ ಕೆಂಪು, ಹಲ್ಲುಜ್ಜಿದರೆ ರಕ್ತ. ನನ್ನ ಕೆಲಸ ಮುಗಿದ ಮೇಲೆ ಅವಳನ್ನೂ ಕರೆದುಕೊಂಡು ಹೋದೆ. ಡಾಕ್ಟರು ಕ್ಯಾಪನ್ನು ಸೀಳಿ ತೆಗೆದಾಗ ಒಳಗೆ ಸಿಮೆಂಟು ಅರ್ಧ ಇರಲಿಲ್ಲ, ಹಲ್ಲು ಕಂದಿ ಮೆತ್ತಗಾಗಿತ್ತು. ಅವಳದ್ದೂ ಎರಕ, ನನ್ನದೂ ಎರಕ, ಲೋಹವೂ ಒಂದೇ ಜಾತಿ. ಕೈ ಮಾತ್ರ ಬೇರೆ. ನನಗೆ ಕೋಪ ಬಂದದ್ದು ನಿಜ. ಕ್ಯಾಪನ್ನು ಕೂರಿಸುವ ಮೊದಲು ಒಂದೇ ಒಂದು ಸಲ ಪ್ರೋಬ್ ಎಳೆದಿದ್ದರೂ ಇಷ್ಟು ವರ್ಷದ ತೊಂದರೆ ಅವಳಿಗೆ ತಪ್ಪುತ್ತಿತ್ತು.

ಈ ವ್ಯತ್ಯಾಸವೇ ಅಧ್ಯಯನಗಳಲ್ಲೂ ಇದೆ. ಡಾಕ್ಟರು ಓದಲು ಕೊಟ್ಟ ಬರಹಗಳಲ್ಲಿ ಕೆಲವು ಎರಕದ ಅಂಚು ಉತ್ತಮ ಎನ್ನುತ್ತವೆ, ಕೆಲವು ಯಂತ್ರದ್ದು ಎನ್ನುತ್ತವೆ. ಎರಡೂ ಬಗೆಯವು 120ರ ಒಳಗೆ ಬಂದದ್ದೇ ಹೆಚ್ಚು. ಒಳಗಿನ ಸಡಿಲ, ಅದರಲ್ಲೂ ಕಚ್ಚುವ ಮೇಲ್ಭಾಗದ ಕೆಳಗೆ, ಯಂತ್ರದವುಗಳಲ್ಲಿ ಹೆಚ್ಚು ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಳೆಯುವ ರೀತಿಯೂ ಒಂದೇ ಅಲ್ಲ. ಸಿಮೆಂಟು ಹಾಕುವ ಮೊದಲು ಅಳೆದದ್ದು, ಹಾಕಿದ ಮೇಲೆ ಅಳೆದದ್ದು, ಹಲ್ಲಿನ ಪ್ರತಿಯ ಮೇಲೆ ಅಳೆದದ್ದು, ಬಾಯಿಯಲ್ಲಿ ಅಳೆದದ್ದು, ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಲಾಗದು. ಕ್ಯಾಪಿನ ಅಂಚು ಮೇಲೆ ಕೆಳಗೆ ತಪ್ಪಿದರೆ ಒಂದು ಅಳತೆ, ಹೊರಗೆ ಒಳಗೆ ತಪ್ಪಿದರೆ ಇನ್ನೊಂದು ಅಳತೆ. 1989ರಲ್ಲಿ ಹೋಮ್ಸ್ ಮತ್ತು ಸಂಗಡಿಗರು ಇವುಗಳಿಗೆ ಬೇರೆ ಬೇರೆ ಹೆಸರಿಟ್ಟು ಲೆಕ್ಕ ಸ್ಪಷ್ಟ ಮಾಡಿದರು. ಇನ್ನು ನನ್ನ ಮಟ್ಟಿಗೆ ದೊಡ್ಡ ತಕರಾರು ಸರಾಸರಿಯ ಬಗ್ಗೆ. ಒಂದು ಕ್ಯಾಪಿನ ಸುತ್ತ ಹಲವು ಕಡೆ ಅಳೆದು ಸರಾಸರಿ 60 ಮೈಕ್ರಾನ್ ಎಂದು ಬರೆದರೆ ಚೆನ್ನಾಗಿಯೇ ಕಾಣುತ್ತದೆ. ನನ್ನ ಮೊದಲ ಜಿರ್ಕೋನಿಯಾ ಕ್ಯಾಪನ್ನೂ ಹಾಗೆ ಅಳೆದಿದ್ದರೆ ಸರಾಸರಿಯಲ್ಲಿ ಪಾಸಾಗುತ್ತಿತ್ತೇನೋ. ಹುಳುಕು ಸರಾಸರಿಯಲ್ಲಿ ಒಳಗೆ ಬರುವುದಿಲ್ಲ, ನಾಲಿಗೆಯ ಕಡೆಯ ಆ ಒಂದು ಮೂಲೆಯಿಂದ ಬರುತ್ತದೆ.

ನನ್ನ ತೀರ್ಮಾನ ಹೀಗಿದೆ. ಅತ್ಯುತ್ತಮ ಎರಕದ ಕ್ಯಾಪನ್ನು ಯಂತ್ರದ್ದು ಅಂಚಿನಲ್ಲಿ ಸರಿಗಟ್ಟಬಹುದು, ಮೀರಿಸುವುದು ಕಷ್ಟ. ಆದರೆ ಅಂಥ ಎರಕದ ಕೈಗಳು ಕಡಿಮೆಯಾಗುತ್ತಿವೆ. ಮೈಸೂರಿನ ಆ ಹಿರಿಯರ ಕೋಣೆಯಲ್ಲಿ ಮೇಣ ಕಲಿಯುವ ಹುಡುಗರು ಯಾರೂ ಇರಲಿಲ್ಲ, ಎಲ್ಲರೂ ಪರದೆಯ ಮುಂದಿದ್ದರು. ಯಂತ್ರ ದಿನವಿಡೀ ಒಂದೇ ಮಟ್ಟದಲ್ಲಿ ಕೊರೆಯುತ್ತದೆ, ಸಂಜೆಗೆ ಅದರ ಕಣ್ಣು ದಣಿಯುವುದಿಲ್ಲ. ಹೀಗಾಗಿ ಯಾರೆಂದು ಗೊತ್ತಿಲ್ಲದ ಕೈಯ ಎರಕಕ್ಕಿಂತ ಸ್ಪಷ್ಟ ಸ್ಕ್ಯಾನಿನಿಂದ ಕೊರೆದ ಕ್ಯಾಪನ್ನೇ ನಾನು ಆರಿಸುತ್ತೇನೆ. ಸ್ಪಷ್ಟ ಸ್ಕ್ಯಾನ್ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. ಪರಿಚಯದವರು ಕ್ಯಾಪ್ ಹಾಕಿಸಲು ಹೊರಟರೆ, ಸಿಮೆಂಟಿಗೆ ಮೊದಲು ಪರದೆಯಲ್ಲಿ ಅಂಚಿನ ಗೆರೆ ತೋರಿಸಲು ಕೇಳಿ, ಪ್ರೋಬ್ ಎಳೆದು ನೋಡಲು ಕೇಳಿ ಎನ್ನುತ್ತೇನೆ. ಕ್ಯಾಪಿನ ಜೊತೆ ಬರುವ ಗ್ಯಾರಂಟಿ ಕಾರ್ಡ್ ನೋಡಿ ನೆಮ್ಮದಿ ಪಟ್ಟುಕೊಳ್ಳಬೇಡಿ ಎಂದೂ ಹೇಳುತ್ತೇನೆ. ನನ್ನ ಕಾರ್ಡಿನಲ್ಲಿ ಕ್ಯಾಪ್ ಒಡೆದರೆ ಬದಲಿಸಿಕೊಡುವ ಮಾತಿದೆ, ಅಂಚು ತೆರೆದಿದ್ದರೆ ಏನು ಎಂಬ ಮಾತಿಲ್ಲ.

ಹೆಂಡತಿಯ ಹಲ್ಲಿನ ಹುಳುಕನ್ನೆಲ್ಲ ತೆಗೆದ ಮೇಲೆ ಉಳಿದದ್ದು ಬಹಳ ಗಿಡ್ಡ. ಜಿರ್ಕೋನಿಯಾಕ್ಕೆ ಮೇಲಿನಿಂದ ಇನ್ನಷ್ಟು ಅರೆಯಬೇಕಾಗುತ್ತದೆ, ಲೋಹವಾದರೆ ತೆಳ್ಳಗಿದ್ದರೂ ಗಟ್ಟಿ ಎಂದು ಡಾಕ್ಟರು ಲೋಹವನ್ನೇ ಹೇಳಿದರು. ಹಲ್ಲು ಒಳಗಡೆ ಇರುವುದರಿಂದ ಬಣ್ಣದ ಚಿಂತೆ ಅವಳಿಗೂ ಇರಲಿಲ್ಲ. ಕ್ಯಾಪ್ ಬಂದ ದಿನ ಲ್ಯಾಬಿಗೆ ಫೋನ್ ಮಾಡಿ ಯಾರು ಮಾಡಿದ್ದೆಂದು ವಿಚಾರಿಸಿದೆ. ಸ್ಕ್ಯಾನ್ ನೋಡಿ ಮೇಣದ ಮಾದರಿಯನ್ನು ಯಂತ್ರವೇ ಕೊರೆದಿತ್ತು. ಅದರ ಅಂಚನ್ನು ಮಾತ್ರ ಆ ಹಿರಿಯ ಟೆಕ್ನಿಷಿಯನ್ ಬಿಸಿ ಕರಣೆಯಿಂದ ಮತ್ತೊಮ್ಮೆ ಕರಗಿಸಿ ಕೂರಿಸಿ, ತಾವೇ ಎರಕ ಹೊಯ್ದಿದ್ದರು. ಡಾಕ್ಟರು ಸುತ್ತಲೂ ಪ್ರೋಬ್ ಎಳೆದರು, ಎಲ್ಲಿಯೂ ಸಿಕ್ಕಲಿಲ್ಲ.